ಮೊದಲ ಹಾಫ್ ಮ್ಯಾರಥಾನ್: ಆರಂಭಶೂರರಾಗದೆ ಮುಗಿಸುವ ದಾರಿ

ಬೆಂಗಳೂರಿನಲ್ಲಿ ಭಾನುವಾರ ನಸುಕಿನಲ್ಲಿ 21.0975 ಕಿಲೋಮೀಟರ್ ಓಡಲು ಬಂದು ನಿಲ್ಲುವವರಲ್ಲಿ ಬಹುಪಾಲು ಜನ ಶಾಲೆಯ ಕ್ರೀಡಾಕೂಟದ ದಿನ ನೆರಳು ಹುಡುಕಿಕೊಂಡು ಕುಳಿತವರೇ. ಬ್ಯಾಂಕಿನವರು, ಶಿಕ್ಷಕಿಯರು, ಸಾಫ್ಟ್‌ವೇರ್ ಕೆಲಸದವರು, ಮೊಮ್ಮಕ್ಕಳನ್ನು ಕಂಡ ನಿವೃತ್ತರು. ಪದಕ ಗೆಲ್ಲುವ ಆಸೆ ಇವರಲ್ಲಿ ಯಾರಿಗೂ ಇರುವುದಿಲ್ಲ. ಹಾಗಿದ್ದೂ ಅರ್ಧ ದಾರಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತವರನ್ನು ನೋಡಿದರೆ, ಅವರು ದಣಿದದ್ದು ದೂರದಿಂದಲ್ಲ ಎಂದು ತಿಳಿಯುತ್ತದೆ. ಅವರು ಮೊದಲ ಮೂರು ಕಿಲೋಮೀಟರನ್ನು ತಮ್ಮದಲ್ಲದ ವೇಗದಲ್ಲಿ ಓಡಿರುತ್ತಾರೆ. ಅಭ್ಯಾಸದ ಮೊದಲ ತಿಂಗಳಲ್ಲೂ ಇದೇ ಕಥೆ. ನಾನೊಬ್ಬ ಹವ್ಯಾಸಿ, ನನ್ನ ಮಟ್ಟಿಗೆ ಈ ಓಟದ ವಿದ್ಯೆಯಲ್ಲಿ ಮುಕ್ಕಾಲು ಪಾಲು ನಿಧಾನವಾಗಿ ಓಡಲು ಮನಸ್ಸನ್ನು ಒಪ್ಪಿಸುವುದರಲ್ಲೇ ಇದೆ.

ಈ ಲೇಖನ ಐದು ಕಿಲೋಮೀಟರನ್ನು ಹೇಗೋ ಓಡಿ, ನಡೆದು ಮುಗಿಸಬಲ್ಲವರಿಗೆ. ಅಷ್ಟೂ ಆಗದವರು ಮೊದಲು ಎರಡು ತಿಂಗಳು ನಡೆಯಿರಿ, ನಡುನಡುವೆ ಒಂದೊಂದು ನಿಮಿಷ ಓಡಿ. ಆಮೇಲೆ ಇಲ್ಲಿಗೆ ಬನ್ನಿ. ಇಲ್ಲಿಂದ ಓಟದ ದಿನಕ್ಕೆ 14 ವಾರ ಬೇಕು.

ಹಂತ 1: ಓಟವನ್ನು ಆರಿಸಿಕೊಳ್ಳಿ, ವೈದ್ಯರನ್ನು ಕಾಣಿ

ಮೊದಲ ಹಾಫ್ ಮ್ಯಾರಥಾನಿಗೆ ಅಕ್ಟೋಬರಿನಿಂದ ಫೆಬ್ರುವರಿಯವರೆಗಿನ ತಿಂಗಳುಗಳೇ ಸರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಆ ತಿಂಗಳುಗಳ ಮುಂಜಾವು ಓಡುವವರಿಗೆ ಹೇಳಿ ಮಾಡಿಸಿದ್ದು. ಮೈಸೂರೂ ಅಷ್ಟೆ. ಕರಾವಳಿಯ ಮಾತು ಬೇರೆ. ಮಂಗಳೂರಿನಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಬೆಂಗಳೂರಿನಲ್ಲಿ ಅಭ್ಯಾಸ ಮಾಡಿ ಜನವರಿಯ ಮುಂಬೈ ಮ್ಯಾರಥಾನಿಗೆ ರೈಲು ಹತ್ತುವವರು ಸೂರ್ಯ ಮೇಲೇರಿದ ಮೇಲೆ ಈ ವ್ಯತ್ಯಾಸವನ್ನು ಚೆನ್ನಾಗಿ ಅನುಭವಿಸುತ್ತಾರೆ.

ಬೆಂಗಳೂರಿನ ವರ್ಲ್ಡ್ 10ಕೆ ಓಟ 2008ರಿಂದ ನಡೆಯುತ್ತಿದೆ. ಬಹುಕಾಲ ಮೇ ತಿಂಗಳಲ್ಲಿತ್ತು, ಈಚೆಗೆ ಏಪ್ರಿಲ್ ಕೊನೆಯಲ್ಲಿ ನಡೆಯುತ್ತದೆ. ಅದು ಸೆಕೆಯ ಕಾಲವಾದರೂ ದೂರ ಹತ್ತೇ ಕಿಲೋಮೀಟರ್ ಆದ್ದರಿಂದ ನಿಭಾಯಿಸಬಹುದು. ಅಂಥದ್ದೊಂದನ್ನು ಮುಗಿಸಿಕೊಂಡು, ಮುಂಗಾರಿನ ತಂಪಿನಲ್ಲಿ ಅಭ್ಯಾಸ ಮಾಡಿ, ಚಳಿ ಶುರುವಾಗುವ ಹೊತ್ತಿಗೆ ಹಾಫ್ ಓಡುವುದು ನಮ್ಮ ಹವೆಗೆ ಹೊಂದುವ ಲೆಕ್ಕ.

ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ ಬಂದಿದ್ದವರು, ಅಭ್ಯಾಸ ಶುರುಮಾಡುವ ಮೊದಲು ವೈದ್ಯರನ್ನು ಕಾಣಬೇಕು. ನೋಂದಣಿ ಅರ್ಜಿಯಲ್ಲಿ ‘ನಾನು ಆರೋಗ್ಯವಾಗಿದ್ದೇನೆ’ ಎಂಬ ಸಾಲಿನ ಎದುರು ಗುರುತು ಹಾಕುವುದು ವೈದ್ಯರನ್ನು ಕಂಡಂತೆ ಆಗುವುದಿಲ್ಲ.

ಹಂತ 2: ಶೂ, ಬಟ್ಟೆ

ಶೂ ಕೊಳ್ಳಲು ಸಂಜೆ ಹೋಗಿ. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೆಯೇ ಊದುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ. ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ನಾಲ್ಕೈದು ಸಾವಿರ ರೂಪಾಯಿಯ ಸಾಧಾರಣ ಓಟದ ಶೂ ಸಾಕು. ಅಂತರರಾಷ್ಟ್ರೀಯ ಓಟಗಾರರು ಹಾಕುವ ಕಾರ್ಬನ್ ಪ್ಲೇಟ್‌ನ ಶೂವನ್ನು ಮೊದಲ ಓಟಕ್ಕೇ ಕೊಳ್ಳುವವರಿದ್ದಾರೆ. ದುಡ್ಡು ಅವರದು, ನಾನೇನೂ ಹೇಳುವುದಿಲ್ಲ.

ಶೂವಿನ ಮೇಲ್ತುದಿಯಲ್ಲಿ ಉಳಿದವುಗಳಿಗಿಂತ ಸ್ವಲ್ಪ ಹಿಂದೆ ಒಂದೊಂದು ರಂಧ್ರ ಸುಮ್ಮನೆ ಬಿಟ್ಟಿರುತ್ತಾರೆ. ಹೆಚ್ಚಿನವರು ಅದನ್ನು ಬಳಸುವುದೇ ಇಲ್ಲ. ಹಿಮ್ಮಡಿ ಶೂವಿನೊಳಗೆ ಜಾರುತ್ತಿದ್ದರೆ ಲಾಡಿಯ ತುದಿಯನ್ನು ಅದೇ ಬದಿಯ ಆ ರಂಧ್ರದೊಳಗೆ ಹಿಂದಕ್ಕೆ ತೂರಿಸಿ, ಎರಡೂ ಬದಿಯಲ್ಲಿ ಒಂದೊಂದು ಸಣ್ಣ ಕುಣಿಕೆ ಉಳಿಸಿಕೊಳ್ಳಿ. ಎಡದ ಲಾಡಿಯನ್ನು ಬಲದ ಕುಣಿಕೆಯೊಳಗೆ, ಬಲದ ಲಾಡಿಯನ್ನು ಎಡದ ಕುಣಿಕೆಯೊಳಗೆ ಹಾಯಿಸಿ, ಕೆಳಮುಖವಾಗಿ ಎಳೆದು ಗಂಟು ಹಾಕಿ. ಹಿಮ್ಮಡಿ ಅಲ್ಲಾಡುವುದಿಲ್ಲ, ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಹೋಗಿ ಬಡಿಯುವುದೂ ತಪ್ಪುತ್ತದೆ.

ಶೂವಿನ ಆಯುಸ್ಸು ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್. ಕೊಂಡ ತಿಂಗಳನ್ನು ನಾಲಗೆಯ ಒಳಭಾಗದಲ್ಲಿ ಪೆನ್ನಿನಿಂದ ಬರೆದಿಟ್ಟರೆ ಮುಂದೆ ಅನುಕೂಲ.

ಹತ್ತಿ ಬನಿಯನ್ ಬೇಡ. ಒದ್ದೆಯಾದ ಹತ್ತಿ ಭಾರವಾಗುತ್ತದೆ, ಉಜ್ಜುತ್ತದೆ. ಗಂಡಸರಿಗೆ ಎದೆಯ ತೊಟ್ಟಿನಿಂದ ರಕ್ತ ಬರುವುದು ತಮಾಷೆಯ ಮಾತಲ್ಲ. ಉದ್ದದ ಓಟದ ದಿನ ಅಲ್ಲಿ ಒಂದೊಂದು ಬ್ಯಾಂಡೇಜ್ ಪಟ್ಟಿ ಅಂಟಿಸಿ. ಕಂಕುಳು, ತೊಡೆಸಂದಿಗೆ ಪೆಟ್ರೋಲಿಯಂ ಜೆಲ್ಲಿ. ಹೆಂಗಸರು ಶೂವಿಗಿಂತ ಮೊದಲು ಒಳ್ಳೆಯ ಸ್ಪೋರ್ಟ್ಸ್ ಬ್ರಾಗೆ ಹಣ ಹಾಕಬೇಕು ಎಂದು ನಮ್ಮ ಗುಂಪಿನ ಓಟಗಾರ್ತಿಯರು ಒಂದೇ ದನಿಯಲ್ಲಿ ಹೇಳುತ್ತಾರೆ.

ಹಂತ 3: ನಿಧಾನವಾಗಿ ಓಡುವುದನ್ನು ಕಲಿಯಿರಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಹೊಸಬರು ಎಡವುವ ಜಾಗ ಇದೇ.

ಓಡುತ್ತಾ ಪಕ್ಕದವರಿಗೆ ನಿನ್ನೆಯ ಕ್ರಿಕೆಟ್ ಪಂದ್ಯದ ಕೊನೆಯ ಓವರನ್ನು ಪೂರ್ತಿ ವಾಕ್ಯಗಳಲ್ಲಿ ವಿವರಿಸಲು ಸಾಧ್ಯವಾದರೆ ನಿಮ್ಮ ವೇಗ ಸರಿಯಾಗಿದೆ. ‘ಹೂಂ’, ‘ಹೌದು’ ಎಂಬುದಷ್ಟೇ ಬಾಯಿಂದ ಹೊರಟರೆ ಹೆಚ್ಚಾಯಿತು. ಒಬ್ಬರೇ ಓಡುವವರು ಬಾಯಿಪಾಠ ಬರುವ ಯಾವುದಾದರೂ ಪದ್ಯವನ್ನು ಮೆಲ್ಲಗೆ ಹೇಳಿಕೊಂಡು ನೋಡಬಹುದು. ಲೆಕ್ಕ ಬೇಕೆನ್ನುವವರಿಗೆ: 10 ಕಿಲೋಮೀಟರನ್ನು 66 ನಿಮಿಷದಲ್ಲಿ ಓಡುವವರ ಸ್ಪರ್ಧೆಯ ವೇಗ ಕಿಲೋಮೀಟರಿಗೆ ಆರೂವರೆ ನಿಮಿಷದ ಸುಮಾರು. ಅವರ ದಿನನಿತ್ಯದ ಓಟ ಏಳೂ ಮುಕ್ಕಾಲರಿಂದ ಎಂಟೂ ಕಾಲು ನಿಮಿಷದಷ್ಟು ನಿಧಾನವಾಗಿರಬೇಕು. ಹೌದು, ಅಷ್ಟು ನಿಧಾನ.

ಕಾರಣ ದೇಹದಲ್ಲೇ ಇದೆ. ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಓಟಕ್ಕೆ ಒಗ್ಗುತ್ತವೆ. ಮೂಳೆ, ಸ್ನಾಯುವನ್ನು ಮೂಳೆಗೆ ಕಟ್ಟುವ ನಾರುಗಳು ತಿಂಗಳುಗಟ್ಟಲೆ ಸಮಯ ಕೇಳುತ್ತವೆ. ಹಾಗಾಗಿ ಐದನೇ ವಾರದಲ್ಲಿ ಉಸಿರು ‘ಇನ್ನೂ ಜೋರಾಗಿ ಹೋಗೋಣ’ ಎನ್ನುತ್ತದೆ, ಕಣಕಾಲು ಒಪ್ಪುವುದಿಲ್ಲ. ಉಸಿರಿನ ಮಾತು ಕೇಳಿದವರು ಆರನೇ ವಾರದಲ್ಲಿ ಫಿಸಿಯೋಥೆರಪಿಸ್ಟರ ಎದುರು ಕುಳಿತಿರುತ್ತಾರೆ. ನಿಧಾನದ ಓಟದಿಂದ ಸ್ನಾಯುಗಳೊಳಗೆ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ, ಕೊಬ್ಬನ್ನು ಇಂಧನವಾಗಿ ಬಳಸುವ ಶಕ್ತಿಯೂ ಬೆಳೆಯುತ್ತದೆ. ಎರಡು ಗಂಟೆಗೂ ಮೀರಿದ ಓಟಕ್ಕೆ ಬೇಕಾದದ್ದು ಇದೇ.

ಕಷ್ಟವೆಲ್ಲ ಮರ್ಯಾದೆಯದು. ಲಾಲ್‌ಬಾಗಿನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು, ಕೈ ಬೀಸಿ ಬಿರುಸಾಗಿ ನಡೆಯುವ ಹಿರಿಯರೊಬ್ಬರು ನಿಮ್ಮನ್ನು ಹಿಂದೆ ಹಾಕುತ್ತಾರೆ. ಹಾಕಲಿ. ಎದುರಿಗೆ ಬಂದ ಪರಿಚಯದವರು ‘ಏನು ಸಾರ್, ಮೈ ಹುಷಾರಿಲ್ಲವೇ?’ ಎನ್ನುತ್ತಾರೆ. ಅನ್ನಲಿ. ಫೋನಿನ ಆ್ಯಪ್‌ನಲ್ಲಿ ಗೆಳೆಯರು ತಮ್ಮ ವೇಗವನ್ನು ಹಾಕಿಕೊಳ್ಳುತ್ತಾರೆ; ಅಭ್ಯಾಸದ ತಿಂಗಳುಗಳಲ್ಲಿ ಅದನ್ನು ತೆರೆಯದೇ ಇರುವುದು ಮೇಲು.

ನಡಿಗೆ ಬೆರೆಸುವುದಕ್ಕೂ ಸಂಕೋಚ ಬೇಡ. 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಅಮೆರಿಕದ ಜೆಫ್ ಗ್ಯಾಲೋವೇ ಹವ್ಯಾಸಿಗಳಿಗೆ ಕಲಿಸಿ ಹೆಸರಾದದ್ದೇ ಓಟ–ನಡಿಗೆಯ ಕ್ರಮವನ್ನು. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ಇದರಲ್ಲಿ ಒಂದೇ ಗುಟ್ಟು: ದಣಿವಾಗುವ ಮೊದಲೇ, ಮೊದಲ ಐದು ನಿಮಿಷದಿಂದಲೇ ನಡಿಗೆ ಶುರುವಾಗಬೇಕು. ದಣಿದ ಮೇಲೆ ನಡೆಯುವವರು ಮತ್ತೆ ಓಡುವುದು ಕಷ್ಟ.

ಹಂತ 4: ವಾರದ ಲೆಕ್ಕ

ವಾರಕ್ಕೆ ನಾಲ್ಕು ದಿನ ಓಟ ಸಾಕು. ಮಂಗಳವಾರ ಮತ್ತು ಶುಕ್ರವಾರ ನಾಲ್ಕರಿಂದ ಆರು ಕಿಲೋಮೀಟರ್ ನಿಧಾನ. ಬುಧವಾರ ಅಥವಾ ಗುರುವಾರ ಸ್ವಲ್ಪ ಶ್ರಮದ ಕೆಲಸ. ಭಾನುವಾರ ಉದ್ದದ ಓಟ. ಸೋಮವಾರ ಪೂರ್ತಿ ವಿಶ್ರಾಂತಿ. ಉಳಿದ ದಿನಗಳಲ್ಲಿ ನಡಿಗೆ, ಸೈಕಲ್, ಇಲ್ಲವೇ ಮನೆಯಲ್ಲೇ ವ್ಯಾಯಾಮ.

ಭಾನುವಾರದ ಓಟ ಹೀಗೆ ಬೆಳೆಯಲಿ, ಕಿಲೋಮೀಟರುಗಳಲ್ಲಿ:

ವಾರ 1ರಿಂದ 4: 6, 7, 8, 6
ವಾರ 5ರಿಂದ 8: 9, 10, 12, 9
ವಾರ 9ರಿಂದ 12: 14, 16, 12, 18
ವಾರ 13: 10
ವಾರ 14: ಸ್ಪರ್ಧೆ

ನಡುನಡುವೆ ದೂರ ಇಳಿದಿರುವುದನ್ನು ಗಮನಿಸಿ. ಆ ವಾರಗಳಲ್ಲೇ ಮೈ ತನ್ನ ರಿಪೇರಿ ಮಾಡಿಕೊಳ್ಳುತ್ತದೆ. ‘ಕಾಲು ಚೆನ್ನಾಗಿದೆ, ಇಳಿಸುವುದೇಕೆ’ ಎಂದು ಅವನ್ನು ಹಾರಿಸಬೇಡಿ. 18 ಓಡಿದವರಿಗೆ 21 ಓಡಲು ಆಗುತ್ತದೆಯೇ ಎಂಬ ಅನುಮಾನ ಎಲ್ಲರಿಗೂ ಬರುತ್ತದೆ. ಆಗುತ್ತದೆ. ಜನಜಂಗುಳಿ, ಚಪ್ಪಾಳೆ, ಕೊನೆಯ ಎರಡು ವಾರದ ವಿಶ್ರಾಂತಿ ಸೇರಿ ಆ ಮೂರು ಕಿಲೋಮೀಟರನ್ನು ದಾಟಿಸುತ್ತವೆ.

ಶ್ರಮದ ದಿನ ಮೊದಲ ಆರು ವಾರ ಏರು ಓಡಿ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ರಸ್ತೆಯ ಕೆಳಭಾಗ ಇದೆ. ಬೆಂಗಳೂರಿನವರಿಗೆ ಬಡಾವಣೆಯಲ್ಲೊಂದು ಇನ್ನೂರು ಮೀಟರಿನ ಏರು ಸಿಗದೆ ಇರುವುದಿಲ್ಲ. ಸಣ್ಣ ಹೆಜ್ಜೆ ಹಾಕಿ ಹತ್ತಿ, ನಡೆದುಕೊಂಡು ಇಳಿಯಿರಿ. ನಾಲ್ಕು ಬಾರಿಯಿಂದ ಶುರುಮಾಡಿ ಎಂಟಕ್ಕೆ ಏರಿಸಿ. ಏಳನೇ ವಾರದಿಂದ ಟೆಂಪೊ: ಹತ್ತು ನಿಮಿಷ ಮೈ ಬಿಸಿಯಾಗಲು ನಿಧಾನ ಓಟ, ಆಮೇಲೆ ಹತ್ತರಿಂದ ಇಪ್ಪತ್ತು ನಿಮಿಷ ಮೂರ್ನಾಲ್ಕು ಪದಗಳಷ್ಟೇ ಆಡಲಾಗುವ ವೇಗ, ಕೊನೆಗೆ ಮತ್ತೆ ಹತ್ತು ನಿಮಿಷ ನಿಧಾನ. ಟ್ರ್ಯಾಕಿನಲ್ಲಿ 400 ಮೀಟರನ್ನು ಜೋರಾಗಿ ಓಡಿ, ಸುಧಾರಿಸಿಕೊಂಡು, ಮತ್ತೆ ಓಡುವ ಇಂಟರ್ವಲ್‌ಗಳು ಮೊದಲ ಹಾಫ್‌ಗೆ ಅಗತ್ಯವಿಲ್ಲ.

ವಾರಕ್ಕೆರಡು ದಿನ, ಒಮ್ಮೆಗೆ ಇಪ್ಪತ್ತು ನಿಮಿಷ, ಬಲದ ವ್ಯಾಯಾಮ. ಬಸ್ಕಿ, ಪ್ಲ್ಯಾಂಕ್, ಅಂಗಾತ ಮಲಗಿ ಸೊಂಟ ಎತ್ತುವುದು. ಮುಖ್ಯವಾಗಿ ಮೀನಖಂಡದ ವ್ಯಾಯಾಮ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು, ಹಿಮ್ಮಡಿಯನ್ನು ಮೇಲೆತ್ತಿ, ನಿಧಾನವಾಗಿ ಮೆಟ್ಟಿಲಿಗಿಂತ ಕೆಳಕ್ಕೆ ಇಳಿಸುವುದು, ಹದಿನೈದರಂತೆ ಮೂರು ಸುತ್ತು. ಹಲ್ಲುಜ್ಜುವಾಗಲೂ ಮಾಡಬಹುದು.

ಜ್ವರ, ಮದುವೆ, ಕಚೇರಿಯ ಆಡಿಟ್, ಹಬ್ಬ ಎಂದು ಒಂದು ವಾರ ತಪ್ಪಿಯೇ ತಪ್ಪುತ್ತದೆ. ತಪ್ಪಿದ್ದನ್ನು ಮುಂದಿನ ವಾರ ಬಡ್ಡಿ ಸಮೇತ ತೀರಿಸಲು ಹೋಗಬೇಡಿ. ಒಂದು ವಾರ ಹೋದರೆ ಬಿಟ್ಟಲ್ಲಿಂದ ಮುಂದುವರಿಯಿರಿ. ಎರಡು ವಾರ ಹೋದರೆ ಎರಡು ವಾರ ಹಿಂದಕ್ಕೆ ಹೋಗಿ. ಮೂರು ಹೋದರೆ ಬೇರೆ ಓಟ ಹುಡುಕಿ.

ಹಂತ 5: ರಸ್ತೆ, ಕತ್ತಲೆ, ನಾಯಿ

ನಮ್ಮಲ್ಲಿ ವಾಹನಗಳು ಎಡಕ್ಕೆ ಚಲಿಸುತ್ತವೆ. ಆದ್ದರಿಂದ ಓಡುವವರು ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನ ಕಣ್ಣಿಗೆ ಬೀಳುವಂತೆ ಓಡಬೇಕು. ಎರಡೂ ಕಿವಿಗೆ ಇಯರ್‌ಫೋನ್ ಬೇಡ. ನಸುಕಿನಲ್ಲಿ ಬೆಳಕು ಹೊಳೆಯಿಸುವ ಪಟ್ಟಿಯ ಅಂಗಿ ಹಾಕಿ. ಫುಟ್‌ಪಾತಿನ ಕಲ್ಲುಚಪ್ಪಡಿಗಳನ್ನು ನಂಬಬೇಡಿ. ಒಂದು ಅಲ್ಲಾಡುತ್ತದೆ, ಇನ್ನೊಂದು ಇರುವುದೇ ಇಲ್ಲ. ಕಬ್ಬನ್ ಪಾರ್ಕ್, ಲಾಲ್‌ಬಾಗ್, ಮೈಸೂರಿನ ಕುಕ್ಕರಹಳ್ಳಿ ಕೆರೆಯಂಥ ಜಾಗಗಳಲ್ಲಿ ವಾರದ ದಿನಗಳನ್ನು ಕಳೆದರೂ ಭಾನುವಾರದ ಉದ್ದದ ಓಟದಲ್ಲಿ ಸ್ವಲ್ಪ ಭಾಗವನ್ನಾದರೂ ಡಾಂಬರು ರಸ್ತೆಯಲ್ಲಿ ಓಡಿ. ಸ್ಪರ್ಧೆ ನಡೆಯುವುದು ಅಲ್ಲಿ. ಪಾದಕ್ಕೆ ಅದರ ಪರಿಚಯವಿರಬೇಕು. ಶ್ರೀರಂಗಪಟ್ಟಣದ ಬಳಿಯ ಕಾಲುವೆ ದಂಡೆಯ ಮಣ್ಣಿನ ಹಾದಿ ಕಾಲಿಗೆ ಹಿತ, ಕಣ್ಣಿಗೂ ಹಿತ. ಆದರೆ ರಸ್ತೆ ಓಟದ ಅಭ್ಯಾಸಕ್ಕೆ ಅದೊಂದೇ ಸಾಲದು.

ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ. ನಾಯಿಗೆ ನಿಮ್ಮ ಮೇಲೆ ದ್ವೇಷವೇನೂ ಇಲ್ಲ, ಓಡುವುದೆಲ್ಲವನ್ನೂ ಅಟ್ಟುವುದು ಅದರ ಸ್ವಭಾವ. ಅದರ ಕಣ್ಣನ್ನು ದಿಟ್ಟಿಸದೆ, ಬೆನ್ನು ತೋರಿಸದೆ, ಮೆಲ್ಲಗೆ ಅಡ್ಡಡ್ಡ ಹೆಜ್ಜೆ ಹಾಕಿ ದೂರ ಸರಿಯಿರಿ. ಕಚ್ಚಿದರೆ, ಪರಚಿದರೂ ಸಹ, ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರುಮಾಡಬೇಕು. ಅರಿಸಿನ, ಸುಣ್ಣ ಹಚ್ಚಿಕೊಂಡು ಕೂರುವಂತಿಲ್ಲ. ಸುಮಾರು ದಿನ ಒಂದೇ ಹಾದಿಯಲ್ಲಿ ಓಡಿದರೆ ಆ ಬೀದಿಯ ನಾಯಿಗಳು ನಿಮ್ಮನ್ನು ಪಟ್ಟಿಗೆ ಸೇರಿಸಿಕೊಂಡು ಬಾಲ ಅಲ್ಲಾಡಿಸುವುದಕ್ಕೂ ಶುರುಮಾಡುತ್ತವೆ.

ಹಂತ 6: ನೋವಿನ ಭಾಷೆ

ಎರಡೂ ತೊಡೆ, ಎರಡೂ ಮೀನಖಂಡ ಸಮವಾಗಿ ಹಿಡಿದುಕೊಂಡಿದ್ದರೆ ಅದು ಶ್ರಮದ ನೋವು. ಎರಡು ದಿನದಲ್ಲಿ ಹೋಗುತ್ತದೆ. ಒಂದೇ ಕಾಲಿನಲ್ಲಿ, ಒಂದೇ ಚುಕ್ಕೆಯಲ್ಲಿ, ಬೆರಳಿಟ್ಟು ‘ಇಲ್ಲೇ’ ಎಂದು ತೋರಿಸಬಹುದಾದ ನೋವಿದ್ದರೆ ಎಚ್ಚರ. ಓಡುತ್ತಾ ಹೋದಂತೆ ಅದು ಹೆಚ್ಚಿದರೆ, ನಡಿಗೆಯಲ್ಲಿ ಕುಂಟು ಬಂದರೆ, ರಾತ್ರಿ ಮಲಗಿದಾಗಲೂ ಕಾಡಿದರೆ ಓಟ ನಿಲ್ಲಿಸಿ ತೋರಿಸಿಕೊಳ್ಳಬೇಕು. ಕಣಕಾಲಿನ ಮೂಳೆಯ ಮೇಲಿನ ಚುಕ್ಕೆನೋವಂತೂ ಮೂಳೆಯ ಬಿರುಕಿನ ಮುನ್ಸೂಚನೆ ಇರಬಹುದು. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚಿದರೆ ಅದು ಅಂಗಾಲಿನ ಪಟ್ಟಿಯ ದೂರು. ಮೀನಖಂಡ ಬಿಗಿಯಾಗಿರುವವರಿಗೆ ಹೆಚ್ಚು.

ಎದೆಯಲ್ಲಿ ನೋವು ಅಥವಾ ಬಿಗಿತ, ಕಣ್ಣುಕತ್ತಲೆ, ಹಿಂದೆಂದೂ ಇರದ ಉಸಿರುಕಟ್ಟು: ಇವುಗಳಿಗೆ ‘ನೋಡೋಣ’ ಎಂಬುದಿಲ್ಲ. ಅಲ್ಲೇ ನಿಂತು ಸಹಾಯ ಕೇಳಿ.

ನೋವಿನ ಮಾತ್ರೆ ನುಂಗಿ ಓಡುವ ಚಟ ಹವ್ಯಾಸಿಗಳಲ್ಲಿ ಕಾಣುತ್ತದೆ. ಐಬುಪ್ರೊಫೆನ್, ಡೈಕ್ಲೋಫಿನಾಕ್‌ನಂಥ ಮಾತ್ರೆಗಳು ಬೆವರಿ ನೀರು ಕಳೆದುಕೊಂಡ ಮೈಯಲ್ಲಿ ಮೂತ್ರಪಿಂಡಕ್ಕೆ ಹೊರೆಯಾಗುತ್ತವೆ. ಮಾತ್ರೆ ಇಲ್ಲದೆ ಓಡಲಾಗದ ದಿನ ಓಡಬಾರದ ದಿನ.

ಹಂತ 7: ಹೊಟ್ಟೆಗೂ ಅಭ್ಯಾಸ ಮಾಡಿಸಿ

ಸ್ಪರ್ಧೆಯ ದಿನ ತಿನ್ನುವುದನ್ನೆಲ್ಲ ಭಾನುವಾರದ ಓಟಗಳಲ್ಲಿ ತಿಂದು ನೋಡಿರಬೇಕು. ಒಂದು ಗಂಟೆಯೊಳಗಿನ ಓಟಕ್ಕೆ ಖಾಲಿ ಹೊಟ್ಟೆ ಅಥವಾ ಒಂದು ಬಾಳೆಹಣ್ಣು ನಡೆಯುತ್ತದೆ. ಅದಕ್ಕೂ ಮೀರಿದರೆ ಓಡುವ ಒಂದೂವರೆ, ಎರಡು ಗಂಟೆ ಮೊದಲು ಎರಡು ಇಡ್ಲಿಯನ್ನು ಸಕ್ಕರೆಯೊಂದಿಗೋ ಬೆಲ್ಲದೊಂದಿಗೋ ತಿನ್ನಿ, ಚಟ್ನಿ ಬೇಡ. ಅಥವಾ ಜೇನು ಸವರಿದ ಬ್ರೆಡ್. ಕಾಫಿ ಕುಡಿಯುವವರು ಕುಡಿಯಿರಿ. ಅದು ಶೌಚದ ಕೆಲಸವನ್ನೂ ಸಲೀಸು ಮಾಡುತ್ತದೆ, ನಸುಕಿನಲ್ಲಿ ಅದೇನು ಸಣ್ಣ ಉಪಕಾರವಲ್ಲ.

ಒಂದೂವರೆ ಗಂಟೆಗಿಂತ ಹೆಚ್ಚು ಓಡುವಾಗ ಗಂಟೆಗೆ 30ರಿಂದ 60 ಗ್ರಾಂ ಶರ್ಕರ ಬೇಕಾಗುತ್ತದೆ. ಓಡುತ್ತಾ ಹೀರುವ ಸಿಹಿ ಜೆಲ್ಲಿನ ಒಂದು ಪೊಟ್ಟಣದಲ್ಲಿ ಸಾಮಾನ್ಯವಾಗಿ 20–25 ಗ್ರಾಂ ಇರುತ್ತದೆ. ದುಬಾರಿ ಎನಿಸಿದರೆ ಖರ್ಜೂರ, ಬೆಲ್ಲದ ಚೂರು, ಗ್ಲೂಕೋಸ್ ಪುಡಿ ಇದ್ದೇ ಇವೆ. ಕಡಲೆ ಚಿಕ್ಕಿ ಒಳ್ಳೆಯದೇ, ಆದರೆ ಓಡುತ್ತಾ ಅಗಿಯುವಾಗ ಕಡಲೆಯ ಚೂರು ಗಂಟಲಿಗೆ ಸಿಕ್ಕಿದರೆ ಅರ್ಧ ಕಿಲೋಮೀಟರ್ ಕೆಮ್ಮುವುದರಲ್ಲೇ ಹೋಗುತ್ತದೆ. ಓಟ ಮುಗಿದ ಮೇಲೆ ತಿನ್ನಿ.

ನೀರು ಕಡಿಮೆಯಾದರೆ ತೊಂದರೆ ಎಂಬುದು ಎಲ್ಲರಿಗೂ ಗೊತ್ತು. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅದಕ್ಕಿಂತ ದೊಡ್ಡ ಅಪಾಯ ಬರಬಹುದು ಎಂಬುದು ಬಹಳ ಜನರಿಗೆ ತಿಳಿದಿಲ್ಲ. ನಿಧಾನವಾಗಿ ಓಡುವವರು, ಪ್ರತಿ ನೀರಿನ ಮೇಜಿನಲ್ಲೂ ನಿಂತು ಲೋಟಗಟ್ಟಲೆ ಕುಡಿಯುವವರು ಇದಕ್ಕೆ ಸಿಗುತ್ತಾರೆ. ಬಾಯಾರಿದಾಗ ಎರಡು ಗುಟುಕು ಸಾಕು. ಉದ್ದದ ಓಟದಲ್ಲಿ ನಡುವೆ ಒಮ್ಮೊಮ್ಮೆ ಓಆರ್‌ಎಸ್. ಓಆರ್‌ಎಸ್ ಪೊಟ್ಟಣಗಳಲ್ಲಿ ಒಂದು ಲೀಟರಿಗೆ ಬೆರೆಸುವವೂ ಇವೆ, 200 ಮಿಲಿಗೆ ಬೆರೆಸುವವೂ ಇವೆ. ಬೆನ್ನಿಗೆ ಬರೆದಿರುವುದನ್ನು ಓದಿಯೇ ಬೆರೆಸಿ.

ಹಂತ 8: ಕೊನೆಯ ಎರಡು ವಾರ

ಮಾಡುವುದಕ್ಕಿಂತ ಬಿಡುವುದೇ ಹೆಚ್ಚು. ಓಟದ ದೂರ ಅರ್ಧಕ್ಕೆ ಇಳಿಯಲಿ, ನಿದ್ದೆ ಏರಲಿ. ಈ ದಿನಗಳಲ್ಲಿ ಇಲ್ಲದ ನೋವುಗಳೆಲ್ಲ ಕಾಣಿಸಿಕೊಳ್ಳುತ್ತವೆ, ಮೊಣಕಾಲು ಸದ್ದು ಮಾಡಿದಂತೆ ಅನಿಸುತ್ತದೆ, ಅದು ಸಹಜ. ಹೊಸ ಶೂ, ಹೊಸ ಯೋಗಾಸನ, ಹೊಸ ಆಹಾರ ಯಾವುದೂ ಬೇಡ.

ಗುರಿಯ ಸಮಯವನ್ನು ಈಗ ಲೆಕ್ಕ ಹಾಕಿ. ಈಚಿನ 10 ಕಿಲೋಮೀಟರಿನ ಸಮಯವನ್ನು 2.2ರಿಂದ ಗುಣಿಸಿ. ಇದು ಅಮೆರಿಕದ ಎಂಜಿನಿಯರ್ ಪೀಟರ್ ರೀಗಲ್ ಕೊಟ್ಟ ಸೂತ್ರದ ಸರಳ ರೂಪ. 66 ನಿಮಿಷದವರಿಗೆ ಸುಮಾರು 145 ನಿಮಿಷ ಬರುತ್ತದೆ. ಮೊದಲ ಓಟವಾದ್ದರಿಂದ ಐದು ನಿಮಿಷ ಸೇರಿಸಿ, ಎರಡೂವರೆ ಗಂಟೆ.

ಬಿಬ್, ಅಂದರೆ ಅಂಗಿಯ ಮೇಲೆ ಸಿಕ್ಕಿಸುವ ಸಂಖ್ಯೆಯ ಚೀಟಿಯನ್ನು, ಹೆಚ್ಚಿನ ದೊಡ್ಡ ಓಟಗಳಲ್ಲಿ ಸ್ಪರ್ಧೆಯ ದಿನ ಕೊಡುವುದಿಲ್ಲ, ಹಿಂದಿನ ದಿನಗಳಲ್ಲೇ ಗುರುತಿನ ಚೀಟಿ ತೋರಿಸಿ ಪಡೆಯಬೇಕು. ಹೊರ ಊರಿನವರು ಇದಕ್ಕಾಗಿ ಒಂದು ದಿನ ಮುಂಚೆ ಬರಬೇಕಾಗುತ್ತದೆ. ಬಿಬ್‌ನ ಹಿಂದೆ ತುರ್ತು ಸಂಪರ್ಕದ ಸಂಖ್ಯೆ, ರಕ್ತದ ಗುಂಪು, ಅಲರ್ಜಿ ಬರೆಯುವ ಜಾಗವಿದ್ದರೆ ಖಾಲಿ ಬಿಡಬೇಡಿ. ಆ ಸಂಖ್ಯೆ ಓಡದೆ ಮನೆಯಲ್ಲಿರುವವರದ್ದಾಗಿರಲಿ. ಪಕ್ಕದಲ್ಲೇ ಓಡುವ ಗೆಳೆಯನ ಸಂಖ್ಯೆ ಬರೆದು ಪ್ರಯೋಜನವಿಲ್ಲ.

ಹಿಂದಿನ ದಿನ ಅನ್ನ, ತಿಳಿಸಾರು, ಮೊಸರು. ಹುರುಳಿ, ಅವರೆ, ಸೊಪ್ಪು, ಕರಿದದ್ದು ಬೇಡ. ರಾಗಿಮುದ್ದೆ ನಿತ್ಯದ ಊಟವಾಗಿದ್ದರೆ ಮಧ್ಯಾಹ್ನಕ್ಕೆ ಉಣ್ಣಬಹುದು, ರಾತ್ರಿಗೆ ಹಗುರವಾಗಿರಲಿ. ಅಂಗಿಗೆ ಬಿಬ್ ಅನ್ನು ರಾತ್ರಿಯೇ ನಾಲ್ಕು ಮೂಲೆಗೂ ಪಿನ್ ಹಾಕಿ ಸಿಕ್ಕಿಸಿ, ಒಮ್ಮೆ ತೊಟ್ಟು ನೋಡಿ. ಸಮಯ ದಾಖಲಿಸುವ ಚಿಪ್ ಬಿಬ್‌ನ ಹಿಂಬದಿಯಲ್ಲೇ ಅಂಟಿರುತ್ತದೆ. ಅದನ್ನು ಮಡಚಬಾರದು, ಪಿನ್ನಿನಿಂದ ಚುಚ್ಚಬಾರದು. ನಿದ್ದೆ ಬರದಿದ್ದರೆ ಚಿಂತೆ ಬೇಡ, ಯಾರಿಗೂ ಬಂದಿರುವುದಿಲ್ಲ.

ಹಂತ 9: ಓಟದ ಬೆಳಿಗ್ಗೆ

ಭಾನುವಾರ ಮೆಟ್ರೊ ತಡವಾಗಿ ಶುರುವಾಗುತ್ತದೆ. ಓಟದ ದಿನ ಬೇಗ ಬಿಡುತ್ತಾರೆಯೇ ಎಂದು ಮೊದಲೇ ನೋಡಿಕೊಳ್ಳಿ, ಇಲ್ಲವಾದರೆ ಆಟೊ ಗೊತ್ತುಮಾಡಿ. ರಸ್ತೆಗಳು ಮುಚ್ಚಿರುತ್ತವೆ, ಕೊನೆಯ ಒಂದು ಕಿಲೋಮೀಟರ್ ನಡೆಯಬೇಕೆಂದೇ ಲೆಕ್ಕವಿರಲಿ. ಶೌಚಾಲಯದ ಸಾಲಿಗೆ ಮುಕ್ಕಾಲು ಗಂಟೆ ಮೊದಲೇ ನಿಲ್ಲಿ.

ಧ್ವನಿವರ್ಧಕದಲ್ಲಿ ಹಾಡು, ಸುತ್ತ ಸಾವಿರಾರು ಜನ, ಹತ್ತರಿಂದ ಸೊನ್ನೆಯವರೆಗೆ ಎಣಿಕೆ. ಗುಂಪು ತೇರು ಹೊರಟಂತೆ ಅಲ್ಲಾಡಿ, ತಡೆದು, ಇದ್ದಕ್ಕಿದ್ದಂತೆ ನುಗ್ಗುತ್ತದೆ. ಮೊದಲ ಸಾಲಿನಲ್ಲಿ ನಿಲ್ಲಲು ಪರದಾಡಬೇಡಿ. ನಿಮ್ಮ ಸಮಯ ನೀವು ಆರಂಭದ ಗೆರೆಯಲ್ಲಿ ಹಾಸಿದ ಟೈಮಿಂಗ್ ಮ್ಯಾಟ್ ದಾಟಿದ ಕ್ಷಣದಿಂದ ಶುರುವಾಗುತ್ತದೆ, ಆದ್ದರಿಂದ ಹಿಂದೆ ನಿಂತರೆ ನಷ್ಟವೇನೂ ಇಲ್ಲ. ಲಾಭವೇ ಇದೆ: ಜನಸಂದಣಿ ನಿಮ್ಮನ್ನು ಬೇಕಾದ ನಿಧಾನದಲ್ಲೇ ಇಡುತ್ತದೆ.

ಎರಡೂವರೆ ಗಂಟೆಯ ಗುರಿಗೆ ಸರಾಸರಿ ಕಿಲೋಮೀಟರಿಗೆ 7 ನಿಮಿಷ 6 ಸೆಕೆಂಡ್. ಮೊದಲ ಮೂರನ್ನು 7:25ರಂತೆ ಓಡಿ. ಮೈ ಹಗುರವಾಗಿರುತ್ತದೆ, ಎಲ್ಲರೂ ಹಿಂದೆ ಹಾಕುತ್ತಿರುತ್ತಾರೆ, ಏನೋ ತಪ್ಪಾಗುತ್ತಿದೆ ಎನಿಸುತ್ತದೆ. ಸರಿಯಾಗಿಯೇ ಇದೆ. ಮುಂದಿನ 13ನ್ನು 7:05ರಂತೆ ಓಡಿದರೆ 16ನೇ ಕಿಲೋಮೀಟರಿನ ಫಲಕ ದಾಟುವಾಗ ಸುಮಾರು 1 ಗಂಟೆ 54 ನಿಮಿಷವಾಗಿರುತ್ತದೆ. ಉಳಿದ ಐದು ಕಿಲೋಮೀಟರ್ ಚಿಲ್ಲರೆಗೆ 35 ನಿಮಿಷಕ್ಕೂ ಹೆಚ್ಚು ಸಮಯ ಕೈಯಲ್ಲಿದೆ. ಆರಂಭದಲ್ಲಿ ನಿಮ್ಮನ್ನು ದಾಟಿ ಹೋದ ಅಂಗಿಗಳು ಒಂದೊಂದಾಗಿ ಮತ್ತೆ ಕಣ್ಣಿಗೆ ಬೀಳುವುದು ಈ ಐದರಲ್ಲಿ. ಇದರಷ್ಟು ಸುಖ ಹವ್ಯಾಸಿ ಓಟದಲ್ಲಿ ಬೇರೆ ಯಾವುದೂ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಂತಿಷ್ಟು ಸಮಯಕ್ಕೆ ಮುಗಿಸುವಂತೆ ಬಾವುಟ ಹಿಡಿದು ಮುಂದೆ ಓಡುವ ಪೇಸರ್‌ಗಳು ಒಳ್ಳೆಯ ಆಸರೆ. ಅವರು ಹೊರಡುವ ಮೊದಲೇ ಹೋಗಿ, ಸಮವೇಗದಲ್ಲಿ ಓಡುತ್ತಾರೆಯೇ, ನಡುವೆ ನಡೆಸುತ್ತಾರೆಯೇ ಎಂದು ಕೇಳಿಕೊಳ್ಳಿ.

ನೀರಿನ ಮೇಜುಗಳಲ್ಲಿ ಮೊದಲ ಮೇಜಿಗೆ ಎಲ್ಲರೂ ಮುತ್ತುತ್ತಾರೆ; ಕೊನೆಯ ಮೇಜು ಖಾಲಿ ಇರುತ್ತದೆ. ಕಾಗದದ ಲೋಟವನ್ನು ಮೇಲಿನಿಂದ ಹಿಡಿದು, ಅಂಚನ್ನು ಹೆಬ್ಬೆರಳು ತೋರುಬೆರಳಿನಿಂದ ಚಿವುಟಿದರೆ ಗಿಂಡಿಯ ಮೂತಿಯಂತೆ ಆಗುತ್ತದೆ. ಅಲ್ಲಿಂದ ಬಾಯಿಯ ಮೂಲೆಗೆ ಗುಟುಕು ಗುಟುಕಾಗಿ ಸುರಿದುಕೊಂಡರೆ ಮೂಗಿಗೆ ನೀರು ಹೋಗುವುದಿಲ್ಲ. ಬಾಟಲಿ ಕೊಟ್ಟರೆ ಮುಚ್ಚಳವನ್ನು ರಸ್ತೆಗೆ ಎಸೆಯಬೇಡಿ. ಹಿಂದಿನವರು ಅದರ ಮೇಲೆ ಕಾಲಿಟ್ಟು ಜಾರುತ್ತಾರೆ. ಜೆಲ್ ಆಗಲಿ ಬೆಲ್ಲವಾಗಲಿ, 7 ಮತ್ತು 14ರ ಸುಮಾರಿಗೆ, ನೀರಿನ ಜೊತೆ.

ಕೈಗಡಿಯಾರದ ಜಿಪಿಎಸ್ 21.3, 21.4 ಎಂದೆಲ್ಲ ತೋರಿಸುತ್ತದೆ. ‘ದೂರ ಹೆಚ್ಚಿಟ್ಟಿದ್ದಾರೆ’ ಎಂದು ಮುಗಿಸಿದವರೆಲ್ಲ ಆಯೋಜಕರನ್ನು ಬೈಯುತ್ತಾರೆ. ಅಧಿಕೃತವಾಗಿ ಅಳೆದ ಮಾರ್ಗವನ್ನು ಚಕ್ರಕ್ಕೆ ಎಣಿಕೆಯಂತ್ರ ಕಟ್ಟಿದ ಸೈಕಲ್ಲಿನಲ್ಲಿ, ತಿರುವುಗಳಲ್ಲಿ ರಸ್ತೆಯಂಚಿನಿಂದ 30 ಸೆಂಟಿಮೀಟರ್ ದೂರದಲ್ಲಿ, ಸಾಧ್ಯವಿರುವ ಅತಿ ಹತ್ತಿರದ ಹಾದಿಯಲ್ಲಿ ಅಳೆದಿರುತ್ತಾರೆ. ದೂರ ಕಡಿಮೆಯಾಗದಿರಲಿ ಎಂದು ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚಿಗೆ ಸೇರಿಸುತ್ತಾರೆ. ಉಳಿದದ್ದೆಲ್ಲ ನೀವು ತಿರುವುಗಳಲ್ಲಿ ಹೊರಸುತ್ತು ಹಾಕಿದ್ದು, ಜನರನ್ನು ದಾಟಲು ಅತ್ತಿತ್ತ ಸರಿದದ್ದು, ಕಟ್ಟಡಗಳ ನಡುವೆ ಗಡಿಯಾರ ತಪ್ಪು ಎಣಿಸಿದ್ದು. ಆದ್ದರಿಂದ ವೇಗವನ್ನು ಗಡಿಯಾರದ ಕಿಲೋಮೀಟರಿನಿಂದ ಅಳೆಯದೆ ರಸ್ತೆಬದಿಯ ಫಲಕಗಳಿಂದ ಅಳೆಯಿರಿ, ತಿರುವುಗಳನ್ನು ಒಳಬದಿಯಲ್ಲಿ ಹಿಡಿಯಿರಿ.

ಹಂತ 10: ಮುಗಿದ ಮೇಲೆ

ಗೆರೆ ದಾಟಿದ ಕೂಡಲೇ ಕುಳಿತುಬಿಡಬೇಡಿ, ಹತ್ತು ನಿಮಿಷ ನಡೆಯಿರಿ. ಥಟ್ಟನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆ ತಿರುಗುತ್ತದೆ. ಒದ್ದೆ ಅಂಗಿ ಬದಲಿಸಿ. ಉಪ್ಪು ಹಾಕಿದ ಮಜ್ಜಿಗೆ, ಬಾಳೆಹಣ್ಣು, ಒಂದು ಗಂಟೆಯೊಳಗೆ ಸರಿಯಾದ ತಿಂಡಿ; ಬೆಣ್ಣೆದೋಸೆಗೆ ಇಂದು ಅಡ್ಡಿಯಿಲ್ಲ.

ಮೈಕೈ ನೋವು ಮರುದಿನಕ್ಕಿಂತ ಅದರಾಚೆಯ ದಿನ ಹೆಚ್ಚು. ಮೆಟ್ಟಿಲು ಹತ್ತುವುದು ಸುಲಭ, ಇಳಿಯುವುದೇ ಕಷ್ಟ. ಕಂಬಿ ಹಿಡಿದು ಅಡ್ಡಡ್ಡವಾಗಿ ಇಳಿಯಿರಿ. ನಾಲ್ಕೈದು ದಿನ ನಡಿಗೆ ಮಾತ್ರ, ಆಮೇಲೆ ನಿಧಾನ ಓಟ, ಎರಡು ವಾರ ಕಳೆಯುವವರೆಗೆ ಶ್ರಮದ ಓಟ ಬೇಡ. ಮುಂದಿನ ಓಟಕ್ಕೆ ಹೆಸರು ಕೊಡುವುದನ್ನೂ ಅಲ್ಲಿಯವರೆಗೆ ತಡೆಹಿಡಿಯುವುದು ಲೇಸು. ಹಾಫ್ ಮುಗಿಸಿದ ಸಂಜೆಯೇ ಪೂರ್ಣ ಮ್ಯಾರಥಾನಿನ 42.195 ಕಿಲೋಮೀಟರಿಗೆ ಹಣ ಕಟ್ಟಿದವರನ್ನು ನಾನು ಬಲ್ಲೆ.

ಹೆಬ್ಬೆರಳಿನ ಉಗುರು ಕಪ್ಪಾಗಿದ್ದರೆ, ನೋವಿಲ್ಲದಿದ್ದರೆ, ಅದರ ಪಾಡಿಗೆ ಬಿಡಿ. ಅಡಿಯಲ್ಲಿ ಹೊಸತು ಬೆಳೆದಂತೆ ತಾನಾಗಿ ಕಳಚಿಕೊಳ್ಳುತ್ತದೆ, ಕೀಳಲು ಹೋಗಬೇಡಿ.